ದೊಡ್ಡಪ್ಪನ ಲ್ಯಾಪ್‌ಟಾಪ್: ಕಣ್ಣಿನದು ಮುಗೀತು, ಈಗ ಬೆರಳಿನ ಕೆಲಸ

ಮೂಡಿಗೆರೆ ಹತ್ತಿರ ತೋಟದಲ್ಲಿರುವ ದೊಡ್ಡಪ್ಪ ದಿನಾ ಮಳೆ ಲೆಕ್ಕ ಬರೆಯುತ್ತಾರೆ. ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ), ಪಕ್ಕದಲ್ಲಿ ಒಂದು ಸಾಲು ಷರಾ. ಎಲ್ಲ ಎಕ್ಸೆಲ್‌ನಲ್ಲಿ, ಕನ್ನಡದಲ್ಲೇ. ಈಗ ಕಣ್ಣು ಮಂಜು, ಬಲಗಿವಿ ಕೇಳಿಸುವುದಿಲ್ಲ, ಕೈ ನಡುಗುತ್ತದೆ. ಅದಕ್ಕೆಂದು ಅವರ ಲೆಕ್ಕ ನಿಲ್ಲಬಾರದು ಅಲ್ವಾ? ವಿಂಡೋಸ್ 11 ಮತ್ತು ನುಡಿ ಕೀಲಿಮಣೆಯನ್ನು ಅವರ ಕೈಗೆ ಒಗ್ಗಿಸುವ ಕೆಲಸ ಎಲ್ಲಿಗೆ ಬಂತು ಅಂತ ಬರೆಯುತ್ತಿದ್ದೇನೆ.

ವಿಂಡೋಸ್ ಕೀ ಜೊತೆ ಯು ಒತ್ತಿದರೆ ಆಕ್ಸೆಸಿಬಿಲಿಟಿ ಪುಟ ನೇರವಾಗಿ ತೆರೆಯುತ್ತದೆ. ಅಲ್ಲಿ ಟೆಕ್ಸ್ಟ್ ಸೈಜ್ ಅನ್ನು 225 ಪರ್ಸೆಂಟ್‌ವರೆಗೆ ಏರಿಸಬಹುದು. ಇಂಗ್ಲಿಷ್ ಓದಲು ಸಾಕಾಗುವ ಅಳತೆ ಕನ್ನಡಕ್ಕೆ ಸಾಲುವುದಿಲ್ಲ, ಯಾಕಂದ್ರೆ ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂರುತ್ತದೆ, ಪ ಮತ್ತು ಷ ನಡುವೆ ಇರುವುದು ಒಳಗಿನ ಒಂದು ಗೆರೆ ಅಷ್ಟೇ. 160ಕ್ಕೆ ಇಟ್ಟ ಮೇಲೆ ಅವರು ಕನ್ನಡಕ ಮೇಲೆ ಕೆಳಗೆ ಮಾಡುವುದು ನಿಂತಿತು. ಎಕ್ಸೆಲ್ ಹಾಳೆಯೊಳಗಿನ ಅಕ್ಷರ ಮಾತ್ರ ಇದರಿಂದ ದೊಡ್ಡದಾಗುವುದಿಲ್ಲ, ಅಲ್ಲಿನ ಝೂಮ್ ಬೇರೆ ಹೆಚ್ಚಿಸಬೇಕು. ಅಕ್ಷರ ಎದ್ದು ಕಾಣುವಂತೆ ಪರದೆಯ ಬಣ್ಣಗಳನ್ನೇ ಬದಲಿಸುವ ಕಾಂಟ್ರಾಸ್ಟ್ ಥೀಮ್ ಬೇಡ ಅಂದರು. ಅದನ್ನು ಹಾಕಿದರೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನಗಳಿಗೆ ಅವರು ತುಂಬಿದ ಬಣ್ಣವೇ ಕಾಣುತ್ತಿರಲಿಲ್ಲ. ಬದಲಿಗೆ ಮೌಸ್ ಬಾಣವನ್ನು ದಪ್ಪ ಮಾಡಿ ಹಳದಿ ಬಣ್ಣ ಕೊಟ್ಟೆ.

ಕಿವಿಗೆ ಮೋನೋ ಆಡಿಯೋ ಆನ್ ಮಾಡಿದ್ದೇನೆ. ಎರಡೂ ಕಡೆಯ ಸದ್ದು ಎಡಗಿವಿಗೇ ಬರುತ್ತದೆ. ನೋಟಿಫಿಕೇಶನ್ ಬಂದರೆ ಪರದೆ ಮಿಂಚುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಬೆರಳು. ನುಡಿಯಲ್ಲಿ ಶಿಫ್ಟ್ ಇಲ್ಲದೆ 'ಮಳೆ' ಬರೆಯಲು ಆಗುವುದಿಲ್ಲ, 'ಮಲೆ' ಆಗುತ್ತದೆ. 'ಕಾಫಿ' ಬೇಕೆಂದರೆ ಎರಡು ಸಲ ಶಿಫ್ಟ್. ನಡುಗುವ ಕೈಗೆ ಎರಡು ಕೀ ಒಟ್ಟಿಗೆ ಹಿಡಿಯುವುದು ಕಷ್ಟ. ಸ್ಟಿಕಿ ಕೀಸ್ ಹಾಕಿದರೆ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ನಿಧಾನವಾಗಿ ಅಕ್ಷರ ಒತ್ತಬಹುದು. ಆದರೆ ಅದರೊಳಗಿನ ಎರಡು ಆಯ್ಕೆ ನೋಡಲೇಬೇಕು. ಎರಡು ಕೀ ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ಆಫ್ ಆಗಲಿ ಅನ್ನುವುದು ಒಂದು. ಶಿಫ್ಟ್ ಒತ್ತುವಾಗ ನಡುಗುವ ಬೆರಳು ಅಕಸ್ಮಾತ್ ಪಕ್ಕದ ಕೀಗೆ ತಾಗಿದರೂ ಆಫ್ ಆಗಿಬಿಡುತ್ತದೆ. ಇನ್ನೊಂದು, ಶಿಫ್ಟ್ ಎರಡು ಸಲ ಒತ್ತಿದರೆ ಲಾಕ್ ಆಗುವುದು. ಎರಡನ್ನೂ ತೆಗೆದೆ. ಆಮೇಲೆ ಅವರು ಒಬ್ಬರೇ ಕೂತು 'ಕಾಫಿ ಗಿಡಕ್ಕೆ ಒಳ್ಳೆ ಮಳೆ' ಅಂತ ಪೂರ್ತಿ ಬರೆದರು. ನನಗೆ ತುಂಬಾ ಖುಷಿಯಾಯಿತು.

ಇನ್ನು ಬೆರಳು ಪುಟಿದು ಅದೇ ಅಕ್ಷರ ಮತ್ತೆ ಬೀಳುವುದು. ಅದಕ್ಕೆ ಫಿಲ್ಟರ್ ಕೀಸ್‌ನಲ್ಲಿ ಅರ್ಧ ಸೆಕೆಂಡ್ ಇಟ್ಟಿದ್ದೇನೆ, ಅಷ್ಟರೊಳಗೆ ಅದೇ ಕೀ ಮತ್ತೆ ಒತ್ತಿದರೆ ಲೆಕ್ಕಕ್ಕಿಲ್ಲ. ಬೇಗ ಟೈಪ್ ಮಾಡುವ ನನ್ನಂಥವರಿಗೆ 'ನನಗೆ' ಹೋಗಿ 'ನಗೆ' ಆಗುತ್ತದೆ. ಅವರ ವೇಗಕ್ಕೆ ಸರಿಯಾಗಿದೆ. ಒತ್ತಕ್ಷರಕ್ಕೂ ತೊಂದರೆಯಿಲ್ಲ, 'ಅಲ್ಲಿ' ಬರೆಯುವಾಗ ಎರಡು ಲ ನಡುವೆ ಒತ್ತು ಕೊಡುವ ಎಫ್ ಕೀ ಬರುತ್ತದಲ್ಲ.

ಮುಂದಿನ ಸಲ ಹೋದಾಗ ಎನ್‌ವಿಡಿಎ, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಹಾಕಿ ನೋಡಬೇಕು. ಉಚಿತ, ಮತ್ತು ಅದರ ಜೊತೆ ಬರುವ, ಬರಹವನ್ನು ಮಾತಾಗಿಸುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡ ಧ್ವನಿಯೂ ಇದೆ. ಹಳೆಯ ಷರಾಗಳನ್ನು ಓದಿಸಿಕೊಂಡು ಕೇಳಬೇಕು ಅನ್ನುವುದು ದೊಡ್ಡಪ್ಪನ ಆಸೆ.