ಗ್ಯಾಸ್ ಎಲ್ಲಿಗೆ ಹೋಯಿತು?

ಮಲ್ಪೆ ಕಡೆ ಏಪ್ರಿಲ್ ಬಂತೆಂದರೆ ಎಸಿ ಇರುವ ಮನೆಗಳಲ್ಲೆಲ್ಲ ಕೇಳುವ ಮಾತು ಒಂದೇ: "ಗ್ಯಾಸ್ ಖಾಲಿಯಾಗಿದೆಯಂತೆ, ತುಂಬಿಸಬೇಕಂತೆ." ಹೋದ ಬೇಸಿಗೆಯಲ್ಲಿ ನಮ್ಮಲ್ಲೂ ಬಂದು ತುಂಬಿಸಿ, ಹಣ ತೆಗೆದುಕೊಂಡು ಹೋದರು. ಈ ವರ್ಷ ಸೆಕೆ ಏರುವ ಹೊತ್ತಿಗೆ ಮತ್ತೆ ಅದೇ ಕತೆ. ರಾತ್ರಿಯಿಡೀ ಓಡಿದರೂ ಕೋಣೆ ತಣ್ಣಗಾಗುವುದಿಲ್ಲ. ಅತ್ತೆಗೆ ಉಬ್ಬಸ ಉಂಟು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಆ ಕೋಣೆಗೆ ಎಸಿ ಬೇಕೇ ಬೇಕು.

ಈ ಸಲ ಬಂದದ್ದು ಕಾಪು ಕಡೆಯ ಹುಡುಗ. ಗ್ಯಾಸ್ ತುಂಬಿಸಬೇಕಾ ಎಂದು ಕೇಳಿದೆ. "ಅಕ್ಕ, ಇದು ಅಡುಗೆ ಸಿಲಿಂಡರ್ ಅಲ್ಲ ಅಲ್ವಾ, ಉರಿದು ಖಾಲಿಯಾಗ್ಲಿಕ್ಕೆ? ಪೈಪಿನೊಳಗೇ ಸುತ್ತುವ ಗ್ಯಾಸ್ ಇದು. ಕಡಿಮೆ ಆಗಿದೆ ಅಂದ್ರೆ ಎಲ್ಲೋ ತೂತು ಉಂಟು. ಮೊದಲು ಅದನ್ನು ಹುಡುಕುವ" ಎಂದ.

ನಮ್ಮ ಹೊರಗಿನ ಯೂನಿಟ್ ಇರುವುದು ಪಡುವಣ ಗೋಡೆಯಲ್ಲಿ, ಸಜ್ಜಾದ ಅಡಿಗೆ. ಅಂದರೆ ನೇರ ಕಡಲಿಗೆ ಮುಖ. ಅವನು ಕರೆಂಟ್ ಕಡಿಯುವ ಸ್ವಿಚ್ಚಾದ ಎಂಸಿಬಿ ಇಳಿಸಿ, ಮುಚ್ಚಳ ಬಿಚ್ಚಿ ನನ್ನನ್ನೂ ಕರೆದ. ಅಲ್ಯುಮಿನಿಯಂನ ತೆಳು ಹಾಳೆಗಳ, ಅಂದರೆ ಫಿನ್‌ಗಳ ಮೇಲೆ ಬಿಳಿ ಪುಡಿ ಕೂತಿತ್ತು. ಕೆಳಗಿನ ಸಾಲನ್ನು ಬೆರಳಲ್ಲಿ ಮುಟ್ಟಿದರೆ ಉದುರುತ್ತಿತ್ತು. ಉಪ್ಪು ಗಾಳಿ, ತೇವ, ಒಂದಕ್ಕೊಂದು ತಾಗಿದ ತಾಮ್ರ ಮತ್ತು ಅಲ್ಯುಮಿನಿಯಂ, ಇಷ್ಟು ಸೇರಿದರೆ ಅಲ್ಯುಮಿನಿಯಂ ಬೇಗ ಸವೆಯುತ್ತದೆ. ಬದಿಯಲ್ಲಿ ತಾಮ್ರದ ಪೈಪ್ ಬಾಗಿದ ಒಂದು ಕಡೆ ಮಾತ್ರ ಜಿಡ್ಡು ಜಿಡ್ಡಾಗಿ ಧೂಳು ಅಂಟಿತ್ತು. ಅವನ ಕಣ್ಣು ಅಲ್ಲೇ ನಿಂತಿತು. ಗ್ಯಾಸ್ ಸೋರುವಾಗ ಕಂಪ್ರೆಸರ್‌ನ ಎಣ್ಣೆಯೂ ಸ್ವಲ್ಪ ಹೊರಗೆ ಬರುತ್ತದಂತೆ, ಅದಕ್ಕೆ ಧೂಳು ಹಿಡಿಯುತ್ತದಂತೆ.

ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಪೈಪಿಗೆ ನೈಟ್ರೋಜನ್ ಒತ್ತಡ ಕೊಟ್ಟು, ಆ ಬಾಗಿಗೆ ಸೋಪಿನ ನೀರು ಹಚ್ಚಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣ ಗುಳ್ಳೆ ಎದ್ದಿತು. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು. ಹೋದ ವರ್ಷ ಕೊಟ್ಟ ದುಡ್ಡೆಲ್ಲ ಹೊರಗೆ ಹೋದ ದಾರಿ ಅದು. ನನಗೆ ನಿಜಕ್ಕೂ ಸಿಟ್ಟು ಬಂತು. ಈ ಪರೀಕ್ಷೆಯನ್ನು ಆಗಲೇ ಮಾಡಬಹುದಿತ್ತಲ್ಲ?

ಬೆಸುಗೆ ಹಾಕಿ, ಮತ್ತೆ ಒತ್ತಡ ಕೊಟ್ಟು ನೋಡಿದ. ಗುಳ್ಳೆ ಬರಲಿಲ್ಲ. ಆಮೇಲೆ ವ್ಯಾಕ್ಯೂಮ್ ಪಂಪ್ ಇಟ್ಟು ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆಸಿದ. ಇದನ್ನು ಬಿಟ್ಟು ಗ್ಯಾಸ್ ಹಾಕುವವರೂ ಇದ್ದಾರೆ, ಹಾಗೆ ಮಾಡಲು ಬಿಡಬೇಡಿ. ನಮ್ಮದು ಆರ್-32 ಗ್ಯಾಸ್. ಬಾಡಿಯ ಲೇಬಲ್‌ನಲ್ಲಿ ಬರೆದಷ್ಟನ್ನೇ ತಕ್ಕಡಿಯಲ್ಲಿ ತೂಗಿ ಹಾಕಿದ. ಕೆಲಸಕ್ಕೆ ಅರ್ಧ ದಿನ ಹೋಯಿತು. ಕೊಟ್ಟ ಹಣಕ್ಕೆ ಬೇಸರ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಅಣ್ಣ ಬೇಲಿ ಹತ್ತಿರ ಬಂದರು. "ಮಳೆಗಾಲಕ್ಕೆ ಮೊದಲು ಇದಕ್ಕೆ ಟರ್ಪಾಲು ಸುತ್ತುವುದು ಒಳ್ಳೆಯದಲ್ವಾ ಮಾರಾಯ್ರೆ?" ಬೇಡ ಎಂದ ಹುಡುಗ. ಯೂನಿಟ್ ಮಳೆ ತಡೆಯುವಂತೆಯೇ ಮಾಡಿದ್ದು. ಸುತ್ತಿದರೆ ತೇವ ಒಳಗೇ ಉಳಿಯುತ್ತದೆ, ಇಲಿ ಸೇರಿಕೊಂಡು ವೈರ್ ಕಡಿಯುತ್ತದೆ. ಮಳೆ ಬಿದ್ದರೆ ಫಿನ್ ಮೇಲಿನ ಉಪ್ಪು ತೊಳೆದು ಹೋಗುತ್ತದೆ. ಕಾಪಾಡುತ್ತದೆ ಎಂದು ನಾವು ನಂಬಿದ ಸಜ್ಜಾವೇ ಆ ತೊಳೆತವನ್ನು ತಪ್ಪಿಸಿದೆ. ಉಪ್ಪು ಗಾಳಿ ಮಾತ್ರ ಅಡ್ಡ ಬೀಸಿ ಒಳಗೆ ಬರುತ್ತಲೇ ಇರುತ್ತದೆ.

ಹಾಗಾದರೆ ತೊಳೆಯುವ ಕೆಲಸ ನಮ್ಮದು. ಎಂಸಿಬಿ ಇಳಿಸಿ, ಫಿನ್‌ಗಳ ಮೇಲೆ ಮೇಲಿನಿಂದ ಕೆಳಕ್ಕೆ ನೀರು ಬಿಡಬೇಕು, ಮೆಲ್ಲಗೆ. ಬೈಕ್ ತೊಳೆಯುವ ಪ್ರೆಶರ್ ಗನ್ ತಂದರೆ ಫಿನ್ ಮಡಚಿಕೊಳ್ಳುತ್ತದೆ. ವಿದ್ಯುತ್ ಡಬ್ಬಿಯ ಕಡೆಗೆ ಪೈಪ್ ಹಿಡಿಯಬಾರದು. ಇನ್ನೊಂದು ವಿಷಯ ನಮ್ಮ ಕರಾವಳಿಯವರಿಗೆ ಮುಖ್ಯ. ಏಪ್ರಿಲ್, ಮೇಯಲ್ಲಿ ನಮ್ಮ ಬಾವಿಯ ನೀರಿಗೇ ಉಪ್ಪು ಬರುತ್ತದೆ. ಆ ನೀರಲ್ಲಿ ತೊಳೆದು ಏನು ಪ್ರಯೋಜನ? ನಳ್ಳಿ ನೀರೇ ಬೇಕು. ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯ ನೀರಿಗೆ ಬೇಸಿಗೆಯಲ್ಲಿ ಬರ ಬಂದರೂ ಎರಡು ಬಕೆಟ್ ಇದಕ್ಕೆಂದು ಎತ್ತಿಡುತ್ತೇನೆ. ಚೊಂಬಿನಲ್ಲಿ ಹೊಯ್ದರೂ ಸಾಕು.

ಸಿಡಿಲಿನ ಬಗ್ಗೆಯೂ ಕೇಳಿದೆ. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತಕ್ಕೆ ಮಾತ್ರ, ಸಿಡಿಲಿಗೆ ಅಲ್ಲ. ರಿಮೋಟಿನಲ್ಲಿ ಆಫ್ ಮಾಡಿದರೂ ಎಸಿಯೊಳಗಿನ ಬೋರ್ಡಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಮೋಡ ಕಟ್ಟಿ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡುವುದು ಒಳ್ಳೆಯದು.

ಮೇಲಿನ ಕೋಣೆಗೂ ಒಂದು ಎಸಿ ಬೇಕೆಂದು ಮಗಳು ಕೇಳುತ್ತಿದ್ದಾಳೆ. ತರುವುದಾದರೆ ಫಿನ್‌ಗೆ ಉಪ್ಪಿನ ಸವೆತ ತಡೆಯುವ ನೀಲಿ ಲೇಪನ ಇರುವುದನ್ನೇ ತರುತ್ತೇವೆ. ಹೊರಗಿನ ಯೂನಿಟ್ ಮೂಡಣ ಗೋಡೆಗೆ, ತೆಂಗಿನ ಮರದ ಕಡೆಗೆ. ತಾಮ್ರದ ಪೈಪ್ ಕೆಲವು ಅಡಿ ಜಾಸ್ತಿ ಬೇಕಾಗುತ್ತದೆ ಎಂದು ಇವರು ಲೆಕ್ಕ ಹಾಕಿದ್ದಾರೆ. ಆ ಖರ್ಚು ಆಗಲಿ ಎಂದಿದ್ದೇನೆ.