ಹಸೆಗೋಡೆಗೆ ಕೆಮ್ಮಣ್ಣು ಹಿಡಿಯಿತು

ತಂಗಿಯ ಮದುವೆಗೆ ಇನ್ನು 32 ದಿನ. ಛತ್ರ ಬೇಡ, ಮನೆಯಂಗಳದಲ್ಲೇ ಆಗಲಿ ಎಂದು ಹಟ ಹಿಡಿದವಳು ನಾನು. ಅದಕ್ಕೆ ಕಾರಣ ನಮ್ಮ ನಡುಮನೆಯ ಒಂದು ಗೋಡೆ.

ಸಾಗರ ತಾಲ್ಲೂಕಿನ ನಮ್ಮೂರ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಎಂದರೆ ಹಸೆಗೋಡೆ ಇರಲೇಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಚಿತ್ತಾರ ಬರೆಯುತ್ತಾರೆ. ಅದರ ಮುಂದೆ ಹಸೆ ಹಾಸಿ ಮದುಮಕ್ಕಳನ್ನು ಕೂರಿಸುತ್ತಾರೆ. ಒಂಬತ್ತು ವರ್ಷದ ಹಿಂದೆ ನನ್ನ ಮದುವೆ ಪೇಟೆಯ ಛತ್ರದಲ್ಲಿ ನಡೆಯಿತು. ಅಲ್ಲಿ ಚಿತ್ತಾರವನ್ನು ಫ್ಲೆಕ್ಸ್‌ನಲ್ಲಿ ಮುದ್ರಿಸಿ ವೇದಿಕೆಯ ಹಿಂದೆ ಕಟ್ಟಿದ್ದರು. ಆಲ್ಬಂ ತೆರೆದಾಗಲೆಲ್ಲ ನನ್ನ ಕಣ್ಣು ಆ ಫ್ಲೆಕ್ಸ್‌ನ ಸುಕ್ಕಿನ ಮೇಲೇ ನಿಲ್ಲುತ್ತದೆ. ಊರಿನ ಎಷ್ಟೋ ಮನೆಗಳಿಗೆ ಚಿತ್ತಾರ ಬರೆದುಕೊಟ್ಟ ದೊಡ್ಡಮ್ಮ ಅಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತಿಥಿಯ ಹಾಗೆ ಕುಳಿತಿದ್ದರು. ಅವರ ಕೈಗೆ ನಾವು ಯಾರೂ ಒಂದು ಕೆಲಸವನ್ನೂ ಕೊಟ್ಟಿರಲಿಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ.

ನಿಶ್ಚಿತಾರ್ಥ ಆದದ್ದು ದೀಪಾವಳಿ ಕಳೆದ ಮೇಲೆ. ಡಿಸೆಂಬರ್ ಮೊದಲ ವಾರದಲ್ಲೇ ಮುಗಿಸಿಬಿಡೋಣ ಎಂದು ಬೀಗರು ಹೇಳಿದರು. ಆದರೆ ಆ ಹೊತ್ತಿಗೆ ನಮ್ಮ ಅಂಗಳ ಅಡಿಕೆಯ ಪಾಲು. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವವರೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಮೇಲೆ ಧನುರ್ಮಾಸ. ಎಲ್ಲ ಲೆಕ್ಕ ಹಾಕಿ ಕೊನೆಗೆ ವೈಶಾಖದ ಒಂದು ಮುಹೂರ್ತಕ್ಕೆ ಬಂದು ನಿಂತೆವು.

ಮನೆಯಲ್ಲಿ ಎಂದ ಕೂಡಲೇ ತಂಗಿ ಮುಖ ಸಣ್ಣ ಮಾಡಿದಳು. "ಅಕ್ಕಾ, ಆರುನೂರು ಜನ ಬರುತ್ತಾರೆ, ಶೌಚಾಲಯ ಇರುವುದು ಎರಡೇ" ಎಂದಳು. ಅವಳು ಹೇಳಿದ್ದು ಸರಿಯೇ. ದೂರದಿಂದ ಬರುವ ಹೆಂಗಸರು ಇಡೀ ದಿನ ಒದ್ದಾಡಬಾರದು. ಶಿವಮೊಗ್ಗದಿಂದ ತಾತ್ಕಾಲಿಕ ಶೌಚಾಲಯ ಬಾಡಿಗೆಗೆ ತರಿಸುವುದೆಂದು ಗೊತ್ತಾದ ಮೇಲೆಯೇ ಅವಳು ಒಪ್ಪಿದಳು. ಬೇಸಿಗೆಯಲ್ಲಿ ಬಾವಿಯ ನೀರು ತಳ ಹಿಡಿಯುತ್ತದೆ, ಅದಕ್ಕೆ ಎರಡು ಟ್ಯಾಂಕರ್ ಹೇಳಿಟ್ಟಿದ್ದೇವೆ. ಸಂಜೆಯ ಗಾಳಿಮಳೆಯನ್ನು ನಂಬುವ ಹಾಗಿಲ್ಲ. ಚಪ್ಪರಕ್ಕೆ ಅಡಿಕೆ ದಬ್ಬೆ, ಸೋಗೆ ಸಾಕು ಎನ್ನುತ್ತಿದ್ದ ಅಪ್ಪನೂ ಮೇಲೆ ತಗಡು ಹಾಕಿಸಲು ಒಪ್ಪಿದ್ದಾರೆ. ಸೀರೆ, ಒಡವೆ, ಲಗ್ನಪತ್ರಿಕೆ ಎಲ್ಲ ಅಮ್ಮನ ಉಸ್ತುವಾರಿ. ಅದರಲ್ಲಿ ನಾನು ತಲೆ ಹಾಕಿಲ್ಲ.

ಗೋಡೆಯದೇ ಬೇರೆ ಕಥೆ. ಫೆಬ್ರುವರಿಯಲ್ಲಿ ಊರಿಗೆ ಹೋದಾಗ ನಾನೇ ಕೆಮ್ಮಣ್ಣು ಕಲಸಿ ಬಳಿದೆ. ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಅರ್ಧಕ್ಕರ್ಧ ನೆಲಕ್ಕೆ ಉದುರಿತ್ತು. ಮನೆ ರಿಪೇರಿ ಮಾಡಿಸಿದಾಗ ಆ ಗೋಡೆಗೆ ಹೊಳಪಿನ ಪೇಂಟ್ ಹೊಡೆಸಿದ್ದೆವು, ಮಣ್ಣಿಗೆ ಅದರ ಮೇಲೆ ಹಿಡಿತವೇ ಇಲ್ಲ. ದೊಡ್ಡಮ್ಮ ಬಂದು ಗೋಡೆಯ ಮೇಲೆ ಅಂಗೈ ಆಡಿಸಿ, "ಇದು ಉಸಿರಾಡುವುದಿಲ್ಲ, ಕೆರೆದು ತೆಗೆಯಿರಿ" ಎಂದರು. ಗಾರೆ ಕಾಣುವವರೆಗೆ ಉಜ್ಜಲು ನನಗೂ ತಮ್ಮನಿಗೂ ಎರಡು ದಿನ ಹಿಡಿಯಿತು. ಮೂಗು, ಕೂದಲು, ಊಟದ ತಟ್ಟೆ, ಎಲ್ಲೆಲ್ಲೂ ಪುಡಿ.

ಆ ಸಂಜೆ ದೊಡ್ಡಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಣ್ಣ ಮಾಡುವುದನ್ನು ತೋರಿಸಿದರು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಕರಿಯಾಗುವ ತನಕ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರಿನ ಸಣ್ಣ ಎಳೆ. ತುದಿಯನ್ನು ಬಣ್ಣದಲ್ಲಿ ಅದ್ದಿ, ಒಂದು ಹಳೆಯ ಮರದ ಹಲಗೆಯ ಮೇಲೆ ಗೆರೆ ಎಳೆದರು. ಲೋಟ ಎತ್ತುವಾಗ ನಡುಗುವ ಅದೇ ಕೈ, ನಾರು ಹಿಡಿದ ಮೇಲೆ ನಡುಗಲಿಲ್ಲ. ಮೊಳದುದ್ದದ ಗೆರೆ, ಪಕ್ಕದಲ್ಲೇ ಅದರ ಜೋಡಿ, ನಡುವೆ ಕೂದಲೆಳೆಯಷ್ಟು ಸಂದು. ನನ್ನ ಗೆರೆ ಮೂರು ಬೆರಳು ಹೋಗುವಷ್ಟರಲ್ಲಿ ಸೊಟ್ಟಗಾಯಿತು. "ನೀನು ನಾರನ್ನು ತಳ್ಳುತ್ತಿದ್ದೀಯ. ಎಳೆ, ಅದೇ ಬರುತ್ತದೆ" ಎಂದು ನನ್ನ ಮಣಿಕಟ್ಟು ಹಿಡಿದು ಎಳೆಸಿದರು.

ಎತ್ತರದ ಗೆರೆಗಳಿಗೆ ಅವರು ಏಣಿ ಹತ್ತುವಂತಿಲ್ಲ. ಮೇಲಿನ ಅಂಚು ನನ್ನದು, ನಡುವಿನ ಮದುಮಕ್ಕಳ ಚೌಕ ಅವರದು ಎಂದು ಮಾತಾಗಿದೆ. ಅಂದಿನಿಂದ ಬೆಂಗಳೂರಿನ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆದಾದ ಮೇಲೆ ಹಳೆಯ ಕ್ಯಾಲೆಂಡರ್‌ಗಳ ಹಿಂಬದಿಯಲ್ಲಿ ಗೆರೆ ಎಳೆಯುತ್ತಿದ್ದೇನೆ. ಈಗ ಒಂದು ಗೇಣಿನವರೆಗೆ ನೇರ ಬರುತ್ತಿದೆ.

ನಿನ್ನೆ ಅಮ್ಮ ಫೋನ್ ಮಾಡಿ, ಮೂರನೆಯ ಸಲ ಬಳಿದ ಕೆಮ್ಮಣ್ಣು ಒಣಗಿದೆ, ಒಂದು ಚೂರೂ ಎದ್ದಿಲ್ಲ ಎಂದರು. ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿಗೆ ಟಿಕೆಟ್ ಆಗಿದೆ. ಅಕ್ಕಿ ನೆನೆಹಾಕಿ ಇಟ್ಟಿರುತ್ತೇನೆ, ನಿದ್ದೆ ಮಾಡಿಕೊಂಡು ಬಾ ಎಂದು ದೊಡ್ಡಮ್ಮ ಹೇಳಿಕಳಿಸಿದ್ದಾರೆ.