ವಿರ್ರೋ ಮನೆಯ ಊಟ

ರೋಮನ್ ಕವಿ ಜುವೆನಾಲ್‌ನ ಐದನೇ ವಿಡಂಬನೆ ಕವಿತೆ ಮತ್ತೆ ಓದಿದೆ. ಸುಮಾರು 1,900 ವರ್ಷ ಹಿಂದಿನ ರೋಮ್. ವಿರ್ರೋ ಅನ್ನುವ ಶ್ರೀಮಂತ ತನ್ನ ಹಿಂದೆ ಮುಂದೆ ಸುತ್ತುವ ಟ್ರೆಬಿಯಸ್‌ನನ್ನು ಅಪರೂಪಕ್ಕೆ ಊಟಕ್ಕೆ ಕರೆಯುತ್ತಾನೆ. ಯಜಮಾನನಿಗೆ ಬೆಳ್ಳನೆಯ ಮೆತ್ತನೆ ಬ್ರೆಡ್, ಇವನಿಗೆ ಹಲ್ಲಿಗೂ ಬಗ್ಗದ ಬೂಷ್ಟು ಹಿಡಿದ ತುಂಡು. ಅವನ ಮೀನಿಗೆ ವೆನಾಫ್ರಮ್‌ನ ಒಳ್ಳೆ ಆಲಿವ್ ಎಣ್ಣೆ, ಇವನ ಎಲೆಕೋಸಿಗೆ ದೀಪದೆಣ್ಣೆ ವಾಸನೆ. ಇವನ ಪಾಲಿನ ಮೀನೋ, ಟೈಬರ್ ನದಿಯಲ್ಲಿ ಚರಂಡಿ ತಿಂದು ಕೊಬ್ಬಿದ್ದು. ಹರಳು ಕೂರಿಸಿದ ಬಟ್ಟಲನ್ನು ಅಪ್ಪಿತಪ್ಪಿ ಕೈಗೆ ಕೊಟ್ಟರೂ ಹರಳು ಎಣಿಸಲು ಪಕ್ಕದಲ್ಲೇ ಒಬ್ಬ ಕಾವಲಿನವನು! (ಉಗುರಿನಿಂದ ಕಿತ್ತುಬಿಟ್ಟರೆ ಅಂತ.)

ಇದು ಜಿಪುಣತನ ಅಲ್ಲ, ನಿನ್ನನ್ನು ನೋಯಿಸಲೆಂದೇ ಹೀಗೆ ಮಾಡುತ್ತಾನೆ ಅಂತ ಟ್ರೆಬಿಯಸ್‌ಗೆ ಹೇಳುತ್ತಾನೆ ಜುವೆನಾಲ್. ಹಸಿದವನ ಪೇಚಾಟಕ್ಕಿಂತ ಒಳ್ಳೆ ನಾಟಕ ಬೇಕಾ? ಪಂಕ್ತಿಭೇದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಆದರೆ ಕೊನೆಗೆ ಜುವೆನಾಲ್ ಹರಿಹಾಯುವುದು ಟ್ರೆಬಿಯಸ್ ಮೇಲೆ. ಇಷ್ಟೆಲ್ಲ ಸಹಿಸುವವನಿಗೆ ಇದೇ ತಕ್ಕ ಶಾಸ್ತಿ ಅಂತೆ. ಅಲ್ಲಿ ಮಾತ್ರ ನನಗೆ ಜುವೆನಾಲ್ ಮೇಲೇ ಸಿಟ್ಟು ಬಂತು. ಇದಕ್ಕಿಂತ ಸೇತುವೆ ಮೇಲೆ ಭಿಕ್ಷೆ ಬೇಡುವುದು ವಾಸಿ ಅಂತ ಬೇರೆ ಶುರುವಿನಲ್ಲೇ ಬುದ್ಧಿ ಹೇಳಿದ್ದಾನೆ. ಹೇಳೋಕೇನು!